ಹಳೆಯ ರಿಯಾಕ್ಟರುಗಳು, ನೆರೆಹೊರೆಯ ಹಕ್ಕು



ಬಾಲ್ಟಿಕ್ ಕರಾವಳಿಯ ಗ್ರೈಫ್ಸ್‌ವಾಲ್ಡ್ ಅಣುಸ್ಥಾವರದಲ್ಲಿ 1975ರ ಡಿಸೆಂಬರ್ 7ರಂದು ಬೆಂಕಿ ಹೊತ್ತಿಕೊಂಡಿತು. ರಿಯಾಕ್ಟರನ್ನು ತಣಿಸುವ ಪಂಪುಗಳಿಗೆ ವಿದ್ಯುತ್ ಒಯ್ಯುವ ಕೇಬಲ್ಲುಗಳೇ ಸುಟ್ಟವು. ಪೂರ್ವ ಜರ್ಮನಿಯ ಸಾಮಾನ್ಯರಿಗೆ ಇದು ತಿಳಿದದ್ದು ಬರ್ಲಿನ್ ಗೋಡೆ ಉರುಳಿದ ಮೇಲೆ. ಮಾರನೆಯ ವರ್ಷ, 1990ರಲ್ಲಿ, ಆ ಸ್ಥಾವರವನ್ನು ನಿಲ್ಲಿಸಲಾಯಿತು.

ಅದೇ ಸೋವಿಯತ್ ಮಾದರಿಯ ರಿಯಾಕ್ಟರುಗಳು ಬಲ್ಗೇರಿಯದ ಕೊಜ್ಲೊದುಯ್‌ನಲ್ಲಿ ಮುಂದುವರಿದವು. 1992ರ ಮ್ಯೂನಿಕ್ ಶೃಂಗಸಭೆಯಲ್ಲಿ ಜಿ-7 ದೇಶಗಳು ಇಂಥವುಗಳ ಸುರಕ್ಷೆಗೆ ನೆರವಿನ ಯೋಜನೆ ರೂಪಿಸಿದವು. ಮರುವರ್ಷ ಅದಕ್ಕೊಂದು ನಿಧಿಯೂ ಬಂತು. ಕೊಜ್ಲೊದುಯ್‌ನ ಮೊದಲೆರಡು ಘಟಕಗಳು 2002ರ ಕೊನೆಗೆ, ಮುಂದಿನೆರಡು 2006ರ ಕೊನೆಗೆ ಮುಚ್ಚಿದವು. ಮರುದಿನವೇ ಬಲ್ಗೇರಿಯ ಐರೋಪ್ಯ ಒಕ್ಕೂಟದ ಸದಸ್ಯವಾಯಿತು. ಸುಧಾರಣೆಗೆ ಒಳಪಟ್ಟ ಘಟಕಗಳನ್ನೂ ಮುಚ್ಚಬೇಕಾಯಿತಲ್ಲ ಎಂಬ ಕೊರಗು ಅಲ್ಲಿನವರಲ್ಲಿ ಉಳಿಯಿತು. ಅದನ್ನು ಬರಿಯ ಹಠವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಏಕೆಂದರೆ ಅರ್ಮೇನಿಯದ ಅನುಭವ ನಮ್ಮ ಮುಂದಿದೆ. 1988ರ ಭೂಕಂಪದ ಬಳಿಕ ಮೆತ್ಸಮೋರ್ ಸ್ಥಾವರವನ್ನು ನಿಲ್ಲಿಸಿದರು. ಯುದ್ಧ, ದಿಗ್ಬಂಧನಗಳೂ ಕೂಡಿ ಬಂದವು; ಜನ ಕತ್ತಲಲ್ಲಿ, ಕೊರೆಯುವ ಚಳಿಯಲ್ಲಿ, ಮರ ಕಡಿದು ಉರಿಸಿ ಬದುಕಿದರು. 1995ರಲ್ಲಿ ಒಂದು ಘಟಕವನ್ನು ಮತ್ತೆ ಚಾಲೂ ಮಾಡಲಾಯಿತು. ಬದಲಿ ವಿದ್ಯುತ್ತಿನ ಹೊಣೆ ಹೊರದೆ "ಮುಚ್ಚಿ" ಎನ್ನುವುದನ್ನು ಸಹಕಾರ ಎನ್ನಲಾಗದು.

ಜ್ಞಾನವೂ ಪಶ್ಚಿಮದಿಂದ ಪೂರ್ವಕ್ಕೆ ಮಾತ್ರ ಹರಿಯಲಿಲ್ಲ. ನ್ಯೂಟ್ರಾನುಗಳ ಹೊಡೆತಕ್ಕೆ ರಿಯಾಕ್ಟರ್ ಪಾತ್ರೆಯ ಉಕ್ಕು ವರ್ಷಗಳು ಕಳೆದಂತೆ ಪೆಡಸಾಗುತ್ತದೆ. ಅದನ್ನು ಸುಮಾರು 475 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ನಿಧಾನವಾಗಿ ತಣಿಸಿ, ಹದಕ್ಕೆ ತರುವ ವಿದ್ಯೆಯನ್ನು ಇದೇ ಸೋವಿಯತ್ ಮಾದರಿಯ ಸ್ಥಾವರಗಳಲ್ಲಿ ಪಳಗಿಸಿದ್ದು ಪೂರ್ವದ ತಂತ್ರಜ್ಞರು. ನಮ್ಮ ಕಮ್ಮಾರರಿಗೆ ಇದರ ತತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

1994ರ ಅಣುಸುರಕ್ಷಾ ಒಡಂಬಡಿಕೆಯಲ್ಲಿ ದಂಡನೆಯಿಲ್ಲ. ಸದಸ್ಯ ದೇಶಗಳು ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ವಿಯೆನ್ನಾದಲ್ಲಿ ಕೂಡಿ, ಪರಸ್ಪರರ ವರದಿಗಳನ್ನು ಪ್ರಶ್ನಿಸುತ್ತವೆ. ಭಾರತವೂ 2005ರಲ್ಲಿ ಅದನ್ನು ಅನುಮೋದಿಸಿತು. 1969ರಿಂದ ವಿದ್ಯುತ್ ಕೊಟ್ಟ ತಾರಾಪುರ ನಮ್ಮದೇ. 1994ರಲ್ಲಿ, ಕಟ್ಟುತ್ತಿರುವಾಗಲೇ ಕಾಂಕ್ರೀಟ್ ಗುಮ್ಮಟದ ಭಾಗ ಕಳಚಿ ಬಿದ್ದ ಕೈಗಾ ಕೂಡ. ವಿಯೆನ್ನಾಕ್ಕೆ ಹೋಗುವ ಭಾರತದ ವರದಿ ಕಾಳಿ ದಂಡೆಯ ಜನರಿಗೆ ಕನ್ನಡದಲ್ಲಿ ಸಿಗಬೇಕೆಂದು ಹೊರಗಿರುವ ನಾವೂ ಕೇಳೋಣ. ಆ ಮನವಿಯ ಕರಡನ್ನು ತಂದಿದ್ದೇನೆ, ತಿದ್ದಿಕೊಡಿ.