ತೇವಾಂಶ ಮಾಪಕಗಳಿಗೆ ಯಾವ ನಿಸ್ತಂತು ಜಾಲ?

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಹನಿ ನೀರಾವರಿಯ ಜೊತೆಗೆ ಮಣ್ಣಿನ ತೇವಾಂಶ ತಿಳಿಸುವ ಮಾಪಕಗಳನ್ನೂ ಹಾಕಿಸಬಹುದೇ ಎಂದು ತಮ್ಮಲ್ಲಿ ಕೆಲವರು ಕೇಳಿದ್ದೀರಿ. ಮಾಪಕದ ವಿಷಯ ಹಾಗಿರಲಿ. ಅದು ಅಳೆದ ಅಂಕಿಯನ್ನು ತಂತಿಯಿಲ್ಲದೆ ಪಂಪ್‌ಮನೆಗೆ ಮುಟ್ಟಿಸುವ ಏರ್ಪಾಡಿನ ಬಗ್ಗೆ ಮಾತ್ರ ಇಂದು ಹೇಳುತ್ತೇನೆ.

ಮೆಶ್ ಎಂದರೆ ಬಲೆ. ದೂರದ ಮಾಪಕವು ತನ್ನ ಸುದ್ದಿಯನ್ನು ಪಕ್ಕದ್ದಕ್ಕೆ ಕೊಡುತ್ತದೆ, ಅದು ಮುಂದಿನದಕ್ಕೆ. ಬಣವೆಗೆ ಬೆಂಕಿ ಬಿದ್ದಾಗ ಬಾವಿಯಿಂದ ಕೊಡ ಕೈಯಿಂದ ಕೈಗೆ ದಾಟಿದಂತೆ. ಜಿಗ್‌ಬೀ, ಥ್ರೆಡ್ ಎರಡೂ 2003ರಲ್ಲಿ ಹೊರಬಂದ ಐ.ಇ.ಇ.ಇ. 802.15.4 ಎಂಬ ಮಾನಕದ ರೇಡಿಯೋವನ್ನೇ ಬಳಸುತ್ತವೆ ಮತ್ತು ದಾರಿ ಗೊತ್ತುಮಾಡಿಕೊಂಡು ಸುದ್ದಿ ಕಳಿಸುತ್ತವೆ. 2017ರಲ್ಲಿ ಬಂದ ಬ್ಲೂಟೂತ್ ಮೆಶ್‌ನ ಮೂಲ ಕ್ರಮ ಡಂಗುರದಂತೆ: ಮರುಪ್ರಸಾರಕ್ಕೆಂದು ನೇಮಿಸಿದ ಸಾಧನಗಳೆಲ್ಲ ಕೇಳಿದ್ದನ್ನು ಮತ್ತೆ ಸಾರುತ್ತವೆ. ಮನೆಯ ದೀಪಗಳಿಗೆ ಇದು ಸಾಕು.

ಆದರೆ ಕೊಡ ದಾಟಿಸುವವನು ನಿದ್ದೆ ಮಾಡುವಂತಿಲ್ಲ. ತನ್ನ ಅಂಕಿಯನ್ನು ಮಾತ್ರ ಕಳಿಸುವ ಮಾಪಕವು ಅರ್ಧ ಗಂಟೆಗೊಮ್ಮೆ ಎದ್ದು ಮಲಗಿದರೆ ಸಾಮಾನ್ಯ ಸೆಲ್ಲುಗಳಲ್ಲಿಯೇ ಬಹುಕಾಲ ನಡೆಯುತ್ತದೆ. ಇತರರ ಸುದ್ದಿಯನ್ನು ದಾಟಿಸುವ ಸಾಧನವಾದರೋ ಈ ಮೂರು ಪದ್ಧತಿಗಳಲ್ಲಿಯೂ ಸದಾ ಕಿವಿಗೊಟ್ಟಿರಬೇಕು. ಅದರ ರೇಡಿಯೋ 20 ಮಿಲಿ ಆಂಪಿಯರ್ ಎಳೆಯುತ್ತದೆಂದು ಇಟ್ಟುಕೊಳ್ಳಿ. 2,000 ಮಿಲಿ ಆಂಪಿಯರ್-ಗಂಟೆಯ ಸೆಲ್ಲು 100 ಗಂಟೆಯಲ್ಲಿ, ಅಂದರೆ ನಾಲ್ಕೇ ದಿನಗಳಲ್ಲಿ ಮುಗಿಯಿತು! ಆದ್ದರಿಂದ ದಾಟಿಸುವ ಪ್ರತಿ ಕಂಬಕ್ಕೂ ಸೌರಫಲಕ ಬೇಕೇ ಬೇಕು. ಬೆಲೆಪಟ್ಟಿಯಲ್ಲಿ ಅದು ಸೇರಿದೆಯೇ ಎಂದು ಕೇಳಿ.

ಇದಕ್ಕೆ ಪರಿಹಾರವಾಗಿ 2012ರಲ್ಲಿ ಅದೇ ಮಾನಕಕ್ಕೆ ಕಾಲಸರದಿಯ ಕ್ರಮವೊಂದನ್ನು ಸೇರಿಸಲಾಯಿತು. ಕಾಲುವೆಯಲ್ಲಿ ಸರದಿಯ ನೀರಿದ್ದಂತೆ, ಪ್ರತಿ ಸಾಧನವೂ ತನ್ನ ಗಳಿಗೆಗೆ ಮಾತ್ರ ಏಳುತ್ತದೆ, ದಾಟಿಸುವವನೂ ಮಲಗಬಹುದು. ಹೊಲಕ್ಕೆ ಒಪ್ಪುವ ಬಲೆ ಇದೇ ಎಂದು ನನ್ನ ಅಭಿಪ್ರಾಯ. ಆದರೆ ಇದು ಹೆಚ್ಚಾಗಿ ಕಾರ್ಖಾನೆಗಳಿಗೆಂದು ಬೆಳೆದ ವಿದ್ಯೆ.

ಇನ್ನೊಂದು ತೊಡಕು ಬೆಳೆಯದೇ. ನಮ್ಮ ಪ್ರಾತ್ಯಕ್ಷಿಕೆಯ ಕಬ್ಬಿನ ತಾಕಿನಲ್ಲಿ ನಾಟಿಯ ದಿನ ಎಲ್ಲ ಮಾಪಕಗಳೂ ಸೊಗಸಾಗಿ ಮಾತನಾಡಿದವು. ಕಬ್ಬು ಆಳೆತ್ತರ ಮೀರಿದಾಗ ಕೊನೆಯ ಸಾಲಿನದು ಮೌನವಾಯಿತು. ಫಲಕದಲ್ಲಿ ಮಾತ್ರ ಹಳೆಯ ಅಂಕಿಯೇ ನಿಂತಿತ್ತು. ತೇವ ಸಾಕಷ್ಟಿದೆಯೆಂದು ನಾನೇ ನೀರು ತಡೆದೆ; ಗರಿ ಸುರುಳಿಗಟ್ಟಿದ ಮೇಲೆ ಕಣ್ಣು ತೆರೆಯಿತು. ಈ ಜಾಲಗಳ 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ತುಂಬಿದ ಎಲೆಗಳು ಹೀರಿಕೊಳ್ಳುತ್ತವೆ. ಹೀಗಾಗಿ ಆಂಟೆನಾವನ್ನು ಇಂದಿನ ಬೆಳೆಯ ಎತ್ತರಕ್ಕಲ್ಲ, ಕಟಾವಿನ ಬೆಳೆಯ ಎತ್ತರಕ್ಕೂ ಮೇಲೆ ಕಟ್ಟತಕ್ಕದ್ದು.

ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಗೆ 2005ರಿಂದ ಪರವಾನಗಿ ಬೇಕಿಲ್ಲ. ಈ ಅಲೆಗಳು ಬೆಳೆಯ ನಡುವೆ ಹೆಚ್ಚು ದೂರ ಹೋಗುತ್ತವೆ. ಇದೇ ಪಟ್ಟಿಯಲ್ಲಿ ಲೋರಾ ಎಂಬ ರೇಡಿಯೋ ಸಿಗುತ್ತದೆ. ಅದರ ಲೋರಾವಾನ್ ಪದ್ಧತಿ ಬಲೆಯಲ್ಲ. ಪ್ರತಿ ಮಾಪಕವೂ ನೇರವಾಗಿ ಪಂಪ್‌ಮನೆಯ ಕೇಂದ್ರಕ್ಕೇ ಹೇಳುತ್ತದೆ, ಮಿಕ್ಕ ಹೊತ್ತು ಮಲಗುತ್ತದೆ. ಎರಡು-ಮೂರು ಎಕರೆಯ ಹಿಡುವಳಿದಾರರು ಮೊದಲು ಇದನ್ನೇ ವಿಚಾರಿಸಿ. ಗುಡ್ಡ, ತೋಪು ಅಡ್ಡ ಬಂದು ನೇರ ಮಾತು ಸಾಗದಿದ್ದರೆ ಬಲೆಯ ಯೋಚನೆ ಮಾಡಿ.

ಯಾವುದನ್ನೇ ಕೊಂಡರೂ, ಪ್ರತಿ ಅಂಕಿಯ ಪಕ್ಕದಲ್ಲಿ ಅದು ಬಂದ ವೇಳೆಯನ್ನೂ ಫಲಕ ತೋರಿಸಬೇಕು. ಹಣ ಕೊಡುವ ಮುನ್ನ ಒಂದು ಮಾಪಕದ ಸೆಲ್ಲು ತೆಗೆಸಿ, ಪಂಪ್‌ಮನೆಯಲ್ಲಿ ಏನು ಕಾಣುತ್ತದೆಂದು ನಿಂತು ನೋಡಿ.