ಬೇಲಿಯೂ ಬೆಳೆಯಲ್ಲಿ ಪಾಲು ಕೇಳಿದಾಗ

(ಚಿತ್ರಸಮಾಜವೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಹಾಲಿವುಡ್ ಚಿತ್ರ ಶುರುವಾಗುವಾಗ ತೆರೆಯ ಮೇಲೆ ಹೆಸರುಗಳು ಬರುತ್ತವೆ. ನಿರ್ಮಾಪಕ, ಸಹ ನಿರ್ಮಾಪಕ, ಕಾರ್ಯಕಾರಿ ನಿರ್ಮಾಪಕ ಎಂದು ಐದಾರು ಮಂದಿ. ಕತ್ತಲಲ್ಲಿ ಸೀಟು ಹುಡುಕುವ ನಾವು ಅವನ್ನು ಓದುವುದಿಲ್ಲ. ಆದರೆ ಎಷ್ಟೋ ಸಲ ಆ ಪಟ್ಟಿಯಲ್ಲಿ ನಾಯಕನ ಅಥವಾ ನಿರ್ದೇಶಕನ ಮ್ಯಾನೇಜರ್ ಕೂಡ ಇರುತ್ತಾನೆ. ಕಲಾವಿದನ ವ್ಯವಹಾರ ನೋಡಿಕೊಳ್ಳುವವನು ನಿರ್ಮಾಪಕನ ಕುರ್ಚಿಗೆ ಬಂದದ್ದು ಹೇಗೆ? ಬಂದರೆ ತಪ್ಪೇನು? ಇದೇ ಇಂದಿನ ವಿಷಯ.

ಅಲ್ಲಿ ಏಜೆಂಟ್ ಬೇರೆ, ಮ್ಯಾನೇಜರ್ ಬೇರೆ. ಅವಕಾಶ ಹುಡುಕಿಕೊಡುವವನು ಏಜೆಂಟ್. ಸಂಭಾವನೆಯಲ್ಲಿ ಸಾಮಾನ್ಯವಾಗಿ ಶೇ. 10 ಅವನ ಕಮಿಷನ್. ಕ್ಯಾಲಿಫೋರ್ನಿಯಾದ ಕಾನೂನಿನಂತೆ ಅವನಿಗೆ ಪರವಾನಗಿ ಬೇಕು. ಯಾವ ಪಾತ್ರ ಒಪ್ಪಬೇಕು, ಯಾವುದನ್ನು ಬಿಡಬೇಕು ಎಂದು ಸಲಹೆ ಕೊಡುವವನು ಮ್ಯಾನೇಜರ್. ಅವನಿಗೆ ಪರವಾನಗಿ ಬೇಕಿಲ್ಲ; ಆದರೆ ಅವಕಾಶವನ್ನು ತಾನೇ ಕುದುರಿಸುವಂತಿಲ್ಲ.

ಏಜೆಂಟ್ ನಿರ್ಮಾಪಕನಾಗಬಾರದು ಎಂಬುದು ಅಲ್ಲಿಯ ಹಳೆಯ ಕಟ್ಟಳೆ. ನಟನಿಗೆ ಹೆಚ್ಚು ಹಣ ಕೇಳಬೇಕಾದವನೇ ಹಣ ಕೊಡುವವನೂ ಆದರೆ ಚೌಕಾಸಿ ಮಾಡುವವರು ಯಾರು? ಈ ಕಟ್ಟಳೆಯನ್ನು ಸಡಿಲಿಸಿದ ಪ್ರಸಂಗ ಪ್ರಸಿದ್ಧ. 1952ರಲ್ಲಿ ನಟರ ಸಂಘವು ಎಂಸಿಎ ಎಂಬ ದೊಡ್ಡ ಏಜೆನ್ಸಿಗೆ ಟಿವಿ ಕಾರ್ಯಕ್ರಮ ನಿರ್ಮಿಸಲು ವಿಶೇಷ ವಿನಾಯಿತಿ ಕೊಟ್ಟಿತು. ಆಗ ಸಂಘದ ಅಧ್ಯಕ್ಷರು ರೊನಾಲ್ಡ್ ರೇಗನ್, ಮುಂದೆ ಅಮೆರಿಕದ ಅಧ್ಯಕ್ಷರಾದವರು. ಅವರು ಅದೇ ಏಜೆನ್ಸಿಯ ಕಲಾವಿದರೂ ಆಗಿದ್ದರು! ಹತ್ತು ವರ್ಷಗಳಲ್ಲಿ ಎಂಸಿಎ ಎಷ್ಟು ಬೆಳೆಯಿತೆಂದರೆ, 1962ರಲ್ಲಿ ಸರ್ಕಾರವೇ ನ್ಯಾಯಾಲಯಕ್ಕೆ ಹೋಯಿತು. ಎಂಸಿಎ ನಿರ್ಮಾಣವನ್ನು ಉಳಿಸಿಕೊಂಡು ಏಜೆನ್ಸಿಯನ್ನು ಮುಚ್ಚಿತು.

ಈ ಕಟ್ಟಳೆ ಮ್ಯಾನೇಜರನಿಗೆ ಅನ್ವಯಿಸಲಿಲ್ಲ. ಬಾಗಿಲು ಅಲ್ಲಿ ತೆರೆದೇ ಇತ್ತು.

ಅದರಿಂದ ಒಳ್ಳೆಯದೂ ಆಗಿದೆ. ವುಡಿ ಅಲೆನ್ ಅವರ ಮ್ಯಾನೇಜರುಗಳಾಗಿದ್ದ ಜಾಕ್ ರಾಲಿನ್ಸ್ ಮತ್ತು ಚಾರ್ಲ್ಸ್ ಜಾಫಿ ಅವರ ಚಿತ್ರಗಳ ನಿರ್ಮಾಣಕ್ಕೂ ಹೆಗಲು ಕೊಟ್ಟರು. 1977ರ ‘ಆನಿ ಹಾಲ್’ ಶ್ರೇಷ್ಠ ಚಿತ್ರವೆಂದು ಆಸ್ಕರ್ ಪಡೆದಾಗ ನಿರ್ಮಾಪಕನಾಗಿ ಆ ಪ್ರಶಸ್ತಿ ಜಾಫಿಗೆ ಸಂದಿತು. ಕಲಾವಿದನ ಸ್ವಭಾವ ಬಲ್ಲವನು ಸ್ಟುಡಿಯೋದ ಒತ್ತಡಕ್ಕೆ ಅಡ್ಡ ನಿಂತು ಕೆಲಸಕ್ಕೆ ನೆಮ್ಮದಿ ಒದಗಿಸಬಲ್ಲ. ಇನ್ನೊಂದು ಲಾಭವೂ ಉಂಟು. ಮ್ಯಾನೇಜರ್ ನಿರ್ಮಾಪಕನ ಸಂಭಾವನೆ ಪಡೆದರೆ, ಆ ಚಿತ್ರದ ಮಟ್ಟಿಗೆ ಕಲಾವಿದನಿಂದ ಕಮಿಷನ್ ಪಡೆಯಬಾರದು ಎಂಬ ರೂಢಿಯಿದೆ.

ಇದೇ ನಂಟು ಮುರಿದು ಬಿದ್ದುದೂ ಉಂಟು. ‘ದಿ ಲ್ಯಾರಿ ಸ್ಯಾಂಡರ್ಸ್ ಷೋ’ 1992ರಿಂದ 1998ರವರೆಗೆ ನಡೆದ ಟಿವಿ ಸರಣಿ. ಅದರ ಜೀವಾಳ ಹಾಸ್ಯನಟ ಗ್ಯಾರಿ ಶ್ಯಾಂಡ್ಲಿಂಗ್. ಮ್ಯಾನೇಜರ್ ಬ್ರ್ಯಾಡ್ ಗ್ರೇ ಅದರ ಕಾರ್ಯಕಾರಿ ನಿರ್ಮಾಪಕರೂ ಆಗಿದ್ದರು. 1998ರ ಜನವರಿಯಲ್ಲಿ ಶ್ಯಾಂಡ್ಲಿಂಗ್ 10 ಕೋಟಿ ಡಾಲರ್ ಪರಿಹಾರ ಕೇಳಿ ಮೊಕದ್ದಮೆ ಹೂಡಿದರು. ತನ್ನ ಹೆಸರನ್ನು ಬಳಸಿ ಗ್ರೇ ತಮ್ಮ ಉದ್ಯಮ ಬೆಳೆಸಿಕೊಂಡರು, ತನ್ನ ಹಿತ ಕಾಯಲಿಲ್ಲ ಎಂಬುದು ಅವರ ದೂರು. ಗ್ರೇ ಅದನ್ನು ಅಲ್ಲಗಳೆದು ಪ್ರತಿದಾವೆ ಹೂಡಿದರು. 1999ರಲ್ಲಿ ಇಬ್ಬರೂ ನ್ಯಾಯಾಲಯದ ಹೊರಗೆ ರಾಜಿಯಾದರು. ಹೀಗಾಗಿ ಯಾರದು ತಪ್ಪು ಎಂಬ ತೀರ್ಪು ಬರಲೇ ಇಲ್ಲ. ಗ್ರೇ 2005ರಲ್ಲಿ ಪ್ಯಾರಮೌಂಟ್ ಸ್ಟುಡಿಯೋದ ಮುಖ್ಯಸ್ಥರಾದರು.

ಇದೇ ಪ್ರಶ್ನೆ 2019ರಲ್ಲಿ ಬೀದಿಗೆ ಬಂತು. ಏಜೆನ್ಸಿಗಳು ಸ್ಟುಡಿಯೋಗಳಿಂದಲೇ ಶುಲ್ಕ ಪಡೆಯುತ್ತವೆ, ಸ್ವಂತ ನಿರ್ಮಾಣ ಕಂಪೆನಿ ಕಟ್ಟುತ್ತಿವೆ ಎಂದು ಸಿಟ್ಟಾದ ಸಾವಿರಾರು ಚಿತ್ರಕಥೆಗಾರರು ತಮ್ಮ ಏಜೆಂಟರನ್ನು ಒಟ್ಟಿಗೇ ಕೈಬಿಟ್ಟರು. ಸುಮಾರು ಎರಡು ವರ್ಷದ ಜಗಳದ ನಂತರ, 2021ರಲ್ಲಿ, ಏಜೆನ್ಸಿಗಳು ಆ ಶುಲ್ಕ ಬಿಡಲು ಒಪ್ಪಿದವು. ನಿರ್ಮಾಣ ಕಂಪೆನಿಯಲ್ಲಿ ಅವುಗಳ ಪಾಲಿಗೆ ಶೇ. 20ರ ಮಿತಿ ಬಿತ್ತು. ಆದರೆ ಈ ಒಪ್ಪಂದವೂ ಏಜೆಂಟರಿಗೆ ಮಾತ್ರ. ಮ್ಯಾನೇಜರರ ಬಾಗಿಲು ಹಾಗೆಯೇ ತೆರೆದಿದೆ.

ಬೇಲಿಯೇ ಎದ್ದು ಹೊಲ ಮೇಯಿತು ಎಂಬ ಗಾದೆ ಇಲ್ಲಿ ನೆನಪಾಗುತ್ತದೆ. ಆದರೆ ಬೇಲಿ ಯಾವಾಗಲೂ ಮೇಯುತ್ತದೆ ಎನ್ನುವುದು ಅನ್ಯಾಯವಾದೀತು. ಕಮಿಷನ್ ಪಡೆಯುವವನ ಲೆಕ್ಕ ಸರಳ: ಕಲಾವಿದನಿಗೆ ಹೆಚ್ಚು ಬಂದರೆ ತನಗೂ ಹೆಚ್ಚು. ನಿರ್ಮಾಪಕನ ಲೆಕ್ಕದಲ್ಲಿ ಕಲಾವಿದನ ಸಂಭಾವನೆ ಒಂದು ಖರ್ಚು. ಎರಡೂ ಲೆಕ್ಕ ಒಬ್ಬನ ಕೈಯಲ್ಲಿದ್ದಾಗ, ‘ಈ ಚಿತ್ರ ಬಿಟ್ಟುಬಿಡು’ ಎಂದು ಹೇಳಬೇಕಾದ ದಿನ ಅವನು ಹಾಗೆ ಹೇಳುತ್ತಾನೆಯೆ?

ಹೇಳುವವರೂ ಇದ್ದಾರು. ಆದರೆ ಅದನ್ನು ಅವರ ಒಳ್ಳೆಯತನಕ್ಕೇ ಬಿಡಬಾರದು. ಪಾಲು ಎಷ್ಟು, ಕಮಿಷನ್ ಬಿಟ್ಟಿದ್ದಾರೆಯೆ ಎಂಬುದು ಕಾಗದದಲ್ಲಿರಬೇಕು. ಸಹಿ ಹಾಕುವ ಮುನ್ನ ಕಲಾವಿದನ ಪರವಾಗಿ ಬೇರೊಬ್ಬ ವಕೀಲ ಅದನ್ನು ಓದಬೇಕು. ಮ್ಯಾನೇಜರ್ ಪ್ರಾಮಾಣಿಕನಾಗಿದ್ದರೆ ಇದರಿಂದ ಅವನಿಗೇನೂ ನಷ್ಟವಿಲ್ಲ.

ಮುಂದಿನ ಸಲ ಚಿತ್ರ ನೋಡಲು ಎರಡು ನಿಮಿಷ ಮೊದಲೇ ಹೋಗಿ ಕುಳಿತುಕೊಳ್ಳಿ. ಹೆಸರುಗಳನ್ನು ಓದಿ.