ರೋಗಕ್ಕಿಲ್ಲದ ಗಡಿ, ಚಿಕಿತ್ಸೆಗಿರುವ ಗಡಿ

(ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ನೂರು ವರ್ಷ ಕಂಡ ಶಾಲೆಯ ಅಂಗಳದಲ್ಲಿ ರೋಗರುಜಿನಗಳ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕೊಹೀರ್, ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯ ಕನ್ನಡಿಗರಾದ ನಮಗೆ ಗಡಿ ಎಂಬುದರ ಅರ್ಥ ಪೂರ್ತಿಯಾಗಿ ತಿಳಿಯುವುದು ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಾಗ. ಸಂತೆಗೆ, ಜಾತ್ರೆಗೆ, ಬೀಗರ ಮನೆಗೆ ನಾವು ಸಲೀಸಾಗಿ ದಾಟುವ ಗೆರೆ ಆಗ ಗೋಡೆಯಾಗಿ ನಿಲ್ಲುತ್ತದೆ.

ಆ ಗೆರೆ ಬಿದ್ದುದು 1956ರ ನವೆಂಬರ್ 1ರಂದು. ಬೀದರ್ ಜಿಲ್ಲೆಯ ನಾರಾಯಣಖೇಡ ಹಾಗೂ ಜಹೀರಾಬಾದಿನ ಬಹುಭಾಗ, ಗುಲಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶದಲ್ಲಿ ಉಳಿದವು. ಬೀದರ್, ಗುಲಬರ್ಗಾ ನಗರಗಳು ಮೈಸೂರು ರಾಜ್ಯಕ್ಕೆ ಸೇರಿದವು. 2014ರಲ್ಲಿ ನಾವು ತೆಲಂಗಾಣದವರಾದೆವು. ನೆಂಟಸ್ತಿಕೆ ಎರಡೂ ಕಡೆ ಉಳಿಯಿತು, ಪಡಿತರ ಚೀಟಿ ಒಂದೇ ಕಡೆ ಉಳಿಯಿತು. ಬಡವರ ಚಿಕಿತ್ಸೆಗೆಂದು 2007ರಲ್ಲಿ ಆರಂಭವಾದ ಆರೋಗ್ಯಶ್ರೀಯಂತಹ ಯೋಜನೆಗಳು ಆ ಚೀಟಿಯನ್ನೂ ತಮ್ಮ ಪಟ್ಟಿಯಲ್ಲಿರುವ ಆಸ್ಪತ್ರೆಗಳನ್ನೂ ನೋಡುತ್ತವೆ. ರೋಗಿಗೆ ಹತ್ತಿರವಾದ ಊರು ಯಾವುದೆಂದು ನೋಡುವುದಿಲ್ಲ.

ರೋಗವಾದರೋ ಜನ ನಡೆದ ದಾರಿಯಲ್ಲೇ ನಡೆಯುತ್ತದೆ. 2020ರ ಮಾರ್ಚ್ ತಿಂಗಳಲ್ಲಿ ಭಾರತದ ಮೊದಲ ಕೋವಿಡ್ ಸಾವು ಎಂದು ದೃಢಪಟ್ಟದ್ದು ಕಲಬುರಗಿಯ ಹಿರಿಯರೊಬ್ಬರದು. ಚಿಕಿತ್ಸೆಗಾಗಿ ಅವರನ್ನು ಹೈದರಾಬಾದಿಗೆ ಕರೆದೊಯ್ಯಲಾಗಿತ್ತು. ಆ ಎರಡು ನಗರಗಳ ನಡುವೆ ಇರುವುದು ನಮ್ಮ ಸೀಮೆಯೇ.

ಅದೇ ತಿಂಗಳ ಕೊನೆಯಲ್ಲಿ ನಮ್ಮಂತೆಯೇ ಗಡಿಯಲ್ಲಿರುವ ಕಾಸರಗೋಡಿನಲ್ಲಿ ನಡೆದುದನ್ನು ನಾವು ಮರೆಯಬಾರದು. ಅಲ್ಲಿಯ ಜನ ಮೊದಲಿನಿಂದಲೂ ದೊಡ್ಡ ಕಾಯಿಲೆಗೆ ನೆಚ್ಚಿಕೊಂಡಿದ್ದುದು ಮಂಗಳೂರನ್ನು. ಸೋಂಕಿನ ಭಯದಿಂದ ಕರ್ನಾಟಕವು ತಲಪಾಡಿಯ ಗಡಿಯನ್ನು ಮುಚ್ಚಿತು. ಇತರ ದಾರಿಗಳಿಗೆ ಮಣ್ಣು ಸುರಿಯಲಾಯಿತು. ಕೋವಿಡ್ ಇಲ್ಲದ ರೋಗಿಗಳೂ ಆಸ್ಪತ್ರೆ ತಲುಪಲಾಗದೆ ಪ್ರಾಣಬಿಟ್ಟರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆ ತೆಗೆಸುವಂತೆ ಕೇಂದ್ರಕ್ಕೆ ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟನ್ನು ಮುಟ್ಟಿ, ಏಪ್ರಿಲ್ 7ರ ವೇಳೆಗೆ ರೋಗಿಗಳ ಸಂಚಾರಕ್ಕೆ ಒಂದು ಕ್ರಮ ಗೊತ್ತಾಯಿತು.

ಕರ್ನಾಟಕದ ಭಯಕ್ಕೂ ಕಾರಣವಿತ್ತು. ಆಗ ಕಾಸರಗೋಡಿನಲ್ಲಿ ಸೋಂಕು ವೇಗವಾಗಿ ಹಬ್ಬುತ್ತಿತ್ತು. ಆದರೆ ದಾರಿಗೆ ಮಣ್ಣು ಬಿದ್ದ ದಿನ ಕಂಡುಬಂದ ಕೊರತೆ ಆ ದಿನದ್ದಲ್ಲ. ಜಿಲ್ಲೆಯ ಉಕ್ಕಿನಡ್ಕದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಶಂಕುಸ್ಥಾಪನೆಯಾದುದು 2013ರಲ್ಲಿ. ಅಲ್ಲಿ ಕೋವಿಡ್ ಆಸ್ಪತ್ರೆ ತೆರೆದುದು 2020ರ ಏಪ್ರಿಲ್‌ನಲ್ಲಿ. ರೋಗಾಣು ಪ್ರಕೃತಿಯದಾಗಿರಬಹುದು. ಅದರ ಏಟು ಯಾರ ಮೇಲೆ ಬೀಳಬೇಕೆಂಬುದು ಎಷ್ಟೋ ವರ್ಷ ಮೊದಲೇ ಆಯವ್ಯಯದಲ್ಲಿ, ನಕ್ಷೆಯಲ್ಲಿ, ಕಡತದಲ್ಲಿ ತೀರ್ಮಾನವಾಗಿರುತ್ತದೆ. ಗಡಿನಾಡು ಎರಡು ರಾಜಧಾನಿಗಳಿಗೂ ದೂರ.

ಇದಕ್ಕೆ ಎದುರಾಗಿ ನಮ್ಮ ಕೈಯಲ್ಲಿ ಏನೂ ಇಲ್ಲವೆಂದಲ್ಲ. ಹಾಸಿಗೆಯಿಲ್ಲವೆಂದು ಕಲ್ಕತ್ತೆಯ ಹಲವು ಸರ್ಕಾರಿ ಆಸ್ಪತ್ರೆಗಳು ಹಿಂದಕ್ಕೆ ಕಳಿಸಿದ್ದ ಕೂಲಿಕಾರ್ಮಿಕರೊಬ್ಬರ ಮೊಕದ್ದಮೆಯಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು, ಸರ್ಕಾರಿ ಆಸ್ಪತ್ರೆ ತುರ್ತುಚಿಕಿತ್ಸೆ ನೀಡದಿರುವುದು ಸಂವಿಧಾನದ 21ನೆಯ ವಿಧಿಯ ಉಲ್ಲಂಘನೆಯೆಂದು ಸಾರಿತು. 350ನೆಯ ವಿಧಿಯಂತೆ ಒಕ್ಕೂಟದಲ್ಲಿಯಾಗಲಿ ರಾಜ್ಯದಲ್ಲಿಯಾಗಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕು ನಮಗುಂಟು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣವೆಂಬ 350ಎ ವಿಧಿ ಬಂದುದೂ ನಮ್ಮ ಸೀಮೆ ಹಂಚಿಹೋದ 1956ರಲ್ಲಿಯೇ. ಹಕ್ಕು ಪುಸ್ತಕದಲ್ಲಿದ್ದರೆ ಸಾಲದು. ಅದನ್ನು ಓದಿ ಕೇಳುವವರು ಬೇಕು. ಅಂಥವರನ್ನು ರೂಪಿಸುವುದು ಶಾಲೆ.

ಜಹೀರಾಬಾದ್ ಬಳಿಯ ಮಾಚನೂರಿನಲ್ಲಿ 2008ರಲ್ಲಿ ಹಳ್ಳಿಯ ದಲಿತ ಮಹಿಳೆಯರ ಸಮುದಾಯ ಬಾನುಲಿ, ಸಂಘಂ ರೇಡಿಯೊ, ಆರಂಭವಾಯಿತು. ಯಾರ ಮಾತಿಗೆ ಬೆಲೆಯಿಲ್ಲವೆಂದು ಲೋಕ ತಿಳಿದಿತ್ತೋ ಅವರೇ ಊರಿಗೆ ತಿಳಿವಳಿಕೆ ಹೇಳುವವರಾದರು. ಶತಮಾನದ ಬಲವುಳ್ಳ ಶಾಲೆ ಇಂಥದಕ್ಕೆ ಹಿಂಜರಿಯಬೇಕಿಲ್ಲ.

ಆದ್ದರಿಂದ ಈ ಉತ್ಸವದ ನೆನಪಿಗೆ ನಾವು ಮೂರು ಕೆಲಸಗಳನ್ನು ಕೈಗೊಳ್ಳೋಣ. ತಿಂಗಳಿಗೊಂದು ದಿನ ಹಿರಿಯ ವಿದ್ಯಾರ್ಥಿಗಳೂ ಅಧ್ಯಾಪಕರೂ ಕುಳಿತು ಪೋಷಕರ ಆರೋಗ್ಯ ಕಾರ್ಡು, ಪಡಿತರ ಚೀಟಿ, ಆಧಾರ್‌ಗಳಲ್ಲಿ ಹೆಸರು ಹೊಂದುವುದೇ ಎಂದು ನೋಡಿ ತಿದ್ದುಪಡಿಗೆ ಅರ್ಜಿ ಬರೆದುಕೊಡಲಿ. ಲಸಿಕೆ, ಹೆರಿಗೆ, ಹಾವುಕಡಿತ, ಬಿಸಿಲಾಘಾತದ ಸೂಚನೆಗಳು ಕನ್ನಡ ಮತ್ತು ತೆಲುಗು ಎರಡರಲ್ಲೂ ಶಾಲೆಯ ಗೋಡೆಯ ಮೇಲಿರಲಿ. ವೈದ್ಯರಾಗಿ, ದಾದಿಯರಾಗಿ, ಅಧಿಕಾರಿಗಳಾಗಿ ಗಡಿಯ ಎರಡೂ ಕಡೆ ಹರಡಿರುವ ಹಳೆಯ ವಿದ್ಯಾರ್ಥಿಗಳ ಪಟ್ಟಿಯೊಂದು ಸಿದ್ಧವಾಗಲಿ. ನಡುರಾತ್ರಿಯಲ್ಲಿ ರೋಗಿಯೊಂದಿಗೆ ಹೊರಟವರಿಗೆ ಪರಿಚಿತ ದನಿಯೊಂದು ದೊರೆಯಲಿ.

ಗಡಿಯನ್ನು ಅಳಿಸುವುದು ನಮ್ಮ ಕೈಯಲ್ಲಿಲ್ಲ. ಅದರಿಂದಾಗಿ ಒಂದು ಜೀವವೂ ಹೋಗದಂತೆ ಎಚ್ಚರವಾಗಿರುವುದು ನಮ್ಮ ಕೈಯಲ್ಲಿದೆ. ಈ ಶಾಲೆಯ ಎರಡನೆಯ ಶತಮಾನ ಆ ಎಚ್ಚರದಿಂದ ಮೊದಲಾಗಲಿ ಎಂದು ಹಾರೈಸುತ್ತೇವೆ.